ಕತ್ತಲಾದಾಗ ತುಂಬುತ್ತಿದ್ದ ಮೀಟರ್

ಅನ್ನಕ್ಕಿಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ, ಒಲೆ ಆರಿತು. ದೀಪವೂ ಆರಿತು. ಗೋಡೆಯ ಹೀಟರ್ ಟಿಕ್ ಎಂದು ಸುಮ್ಮನಾಯಿತು. ಕಿಟಕಿಯಾಚೆಗೂ ಕತ್ತಲು. ಹೊತ್ತು ಮಾತ್ರ ಇನ್ನೂ ಮಧ್ಯಾಹ್ನದ್ದು; ಇಲ್ಲಿಯ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ನಮ್ಮೂರು ಮಟಕಿಯಲ್ಲಾದರೆ ಆ ಹೊತ್ತಿಗೆ ಎಮ್ಮೆಗಳು ಬೇವಿನ ನೆರಳು ಬಿಟ್ಟು ಏಳುವುದಿಲ್ಲ. ಕರೆಂಟ್ ಹೋಗಿರಬೇಕೆಂದು ಕಿಟಕಿಗೆ ಓಡಿದೆ. ಬೀದಿಯ ಎಲ್ಲ ಮನೆಗಳಲ್ಲೂ ದೀಪ ಉರಿಯುತ್ತಿತ್ತು. ಕತ್ತಲಾಗಿದ್ದದ್ದು ನಮ್ಮದೊಂದೇ ಮನೆ.

ಕರೆಂಟ್ ಹೋಗಿರಲಿಲ್ಲ. ನಾವು ಹಾಕಿದ ದುಡ್ಡು ತೀರಿತ್ತು.

ಸ್ಕಾಟ್ಲೆಂಡಿನ ಈ ಸಣ್ಣ ಕರಾವಳಿ ಊರಿನ ವೃದ್ಧಾಶ್ರಮಕ್ಕೆ ಕೆಲಸಕ್ಕೆಂದು ನಾನು ಮತ್ತು ಜೇವರ್ಗಿಯ ರೆಹಾನಾ ಬಂದ ಹೊಸತು. ನಾನು ಆಳಂದದಲ್ಲಿ, ಅವಳು ಕಲಬುರಗಿಯಲ್ಲಿ ನರ್ಸ್ ಆಗಿದ್ದವರು. ಪರಿಚಯವಾದದ್ದು ವಿಮಾನದಲ್ಲಿ. ಬಾಡಿಗೆ ಹಂಚಿಕೊಂಡರೆ ಉಳಿಯುತ್ತದೆಂದು ಒಂದು ಹಳೆಯ ಕಲ್ಲಿನ ಮನೆ ಹಿಡಿದೆವು. ಹಾಸಿಗೆ, ಮೇಜು, ಪಾತ್ರೆ ಎಲ್ಲ ಮನೆಯ ಜೊತೆಗೇ ಬಂದಿದ್ದವು.

ನಮ್ಮಲ್ಲಿ ಉರಿಸಿದ ಮೇಲೆ ಬಿಲ್ಲು ಬರುತ್ತದೆ. ತಡವಾದರೆ ಲೈನ್‌ಮನ್ ಬಂದು ನಾಲ್ಕು ಮಾತಾಡಿ, ಚಹಾ ಕುಡಿದು ಹೋಗುತ್ತಾನೆ. ಇಲ್ಲಿ ಇಂಥ ಮನೆಗಳಲ್ಲಿ ಮೊದಲು ದುಡ್ಡು, ಆಮೇಲೆ ಬೆಳಕು. ಒಂದು ಕಾರ್ಡು ಹಿಡಿದು ಮೂಲೆಯಂಗಡಿಗೆ ಹೋಗಿ, ಮೊಬೈಲಿಗೆ ಹಾಕಿಸಿದಂತೆ ಹಣ ಹಾಕಿಸಬೇಕು. ಇದಕ್ಕೆ ‘ಟಾಪ್ ಅಪ್’ ಎನ್ನುತ್ತಾರೆ. ಮೆಟ್ಟಿಲ ಕೆಳಗಿನ ಮೀಟರಿನ ಪುಟ್ಟ ಪರದೆಯಲ್ಲಿ ಉಳಿದ ಹಣ ಹಸಿರಾಗಿ ಹೊಳೆಯುತ್ತದೆ.

ಬಾಡಿಗೆ, ಬಸ್ಸಿನ ಪಾಸು, ಫೋನು ಇವು ಮೂರೂ ಜಗ್ಗುವಂಥವಲ್ಲ. ಹಿಂಡಬಹುದಾದದ್ದು ಊಟ ಮತ್ತು ಬೆಳಕು. ನಾನು ಎರಡನ್ನೂ ಹಿಂಡಿದೆ. ನನ್ನ ಗಂಡ ಶರಣಪ್ಪನದು ಅಫಜಲಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆಯ ಹೊಲಿಗೆ ಅಂಗಡಿ. ಮಾಲೀಕರು ಅದನ್ನು ಮಾರಲು ಹೊರಟಿದ್ದರು. ಯುಗಾದಿಯೊಳಗೆ ಮುಂಗಡ ಕೊಟ್ಟರೆ ಅವನಿಗೇ ಎಂದಿದ್ದರು. ಆ ಅಂಗಡಿಗಾಗಿಯೇ ನಾನು ಇಷ್ಟು ದೂರ ಬಂದದ್ದು. ಹೀಗಾಗಿ ಕೆಲಸದಿಂದ ಬಂದ ಕೂಡಲೇ ಹೀಟರ್ ಆರಿಸಿ, ಕಂಬಳಿ ಹೊದ್ದು ಕತ್ತಲಲ್ಲಿ ಕೂರುವುದು ನಮಗೆ ರೂಢಿಯಾಯಿತು.

ಅಂಥದೊಂದು ಸಂಜೆಯ ಮರುದಿನ ರೆಹಾನಾ ಮೆಟ್ಟಿಲ ಕೆಳಗಿನಿಂದ ಕೂಗಿದಳು. “ಸುವರ್ಣಾ, ಮೀಟರಿಗೆ ರೊಕ್ಕ ಹಾಕಿಯೇನ ಬೇ?”

“ಇಲ್ಲ. ಯಾಕ?”

“ನಿನ್ನೆ ತಳಕ್ಕ ಹತ್ತಿತ್ತು. ಇವತ್ತ ನೋಡಿದ್ರ ಇಪ್ಪತ್ತು ಪೌಂಡ್ ಜಾಸ್ತಿ ಅದ. ಖುದಾ ಕಸಂ, ನಾ ಅಂಗಡಿ ಕಡಿಗೇ ಹೋಗಿಲ್ಲ.”

ಯಂತ್ರದ ತಪ್ಪೆಂದು ನಾನು ನಕ್ಕೆ, ಒಳಗೊಳಗೆ ಖುಷಿಪಟ್ಟೆ. ಕೆಲವು ದಿನಗಳ ಮೇಲೆ ಮತ್ತೆ ಹಾಗೇ ಆಯಿತು. ಅದರ ಲಯ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ದೀಪ ಹಚ್ಚಿಕೊಂಡು ಕೂತ ವಾರ ಏನೂ ಇಲ್ಲ. ಕತ್ತಲಲ್ಲಿ ಕೂತರೆ ಮರುದಿನ ಮೀಟರ್ ತುಂಬಿರುತ್ತಿತ್ತು. ಮನೆಯೇ ದೀಪ ಹಚ್ಚಿ ಎಂದು ನಮಗೆ ದುಡ್ಡು ಕೊಡುತ್ತಿರುವಂತೆ.

“ಇದು ಹರಾಮಿನ ರೊಕ್ಕ. ಯಾರದೋ ಏನೋ, ನಮಗ ಬ್ಯಾಡ,” ಎಂದು ರೆಹಾನಾ ಪಟ್ಟು ಹಿಡಿದಳು. ಮನೆಯ ಮಾಲೀಕನಿಗೆ ಫೋನ್ ಮಾಡಿದೆ. ತನಗೇನೂ ತಿಳಿಯದು ಎಂದ. ಮಟಕಿಗೆ ಫೋನ್ ಹಚ್ಚಿದರೆ ಅವ್ವ ಕೇಳಿದ್ದು ಒಂದೇ: “ಆ ಮನ್ಯಾಗ ನಿಮಗಿಂತ ಮೊದಲ ಯಾರಿದ್ರು?” ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಹೊಳೆದಿರಲಿಲ್ಲ.

ಇಲ್ಲಿ ಸಮುದ್ರದಿಂದ ಏರಿ ಬರುವ ದಟ್ಟ ಮಂಜಿಗೆ ‘ಹಾರ್’ ಎನ್ನುತ್ತಾರೆ. ಅದು ಬಂದಾಗ ಎದುರು ಮನೆಯೂ ಕಾಣುವುದಿಲ್ಲ, ಸದ್ದೂ ಹತ್ತಿಯಲ್ಲಿ ಸುತ್ತಿದಂತಿರುತ್ತದೆ. ಹಾರ್ ಇಳಿದ ಒಂದು ಸಂಜೆ ನಾವು ಬೇಕೆಂದೇ ಎಲ್ಲ ದೀಪ ಆರಿಸಿ ಪರದೆಯ ಹಿಂದೆ ನಿಂತೆವು. ಮಂಜು ಒಮ್ಮೆ ತೆಳುವಾಯಿತು. ಎದುರಿನ ಗೋಡೆಗೆ ಒರಗಿ ಯಾರೋ ನಿಂತಿದ್ದರು. ಮುಖ ಕಾಣಲಿಲ್ಲ. ಅದು ನಮ್ಮ ಕಿಟಕಿಯ ಕಡೆಗೇ ತಿರುಗಿತ್ತು ಎನ್ನುವುದು ಮಾತ್ರ ಖಚಿತವಿತ್ತು. ರೆಹಾನಾ ನನ್ನ ಮುಂಗೈ ಹಿಡಿದಳು. ಅವಳ ಬೆರಳು ಐಸಿನಂತಿದ್ದವು. ಮಂಜು ಮತ್ತೆ ಮುಚ್ಚಿತು. ತೆರೆದಾಗ ಗೋಡೆಯ ಬಳಿ ಯಾರೂ ಇರಲಿಲ್ಲ.

ಬೆಳಿಗ್ಗೆ ಕಾರ್ಡು ಹಿಡಿದು ನಾನೇ ಅಂಗಡಿಗೆ ಹೋದೆ. ನನ್ನ ಮುಂದೆ ಉದ್ದ ಕೋಟಿನ ಮುದುಕರೊಬ್ಬರಿದ್ದರು. ಅವರು ಹೊರಗೆ ಹೋದ ಮೇಲೆ ನನ್ನ ಕಾರ್ಡು ನೋಡಿದ ಗಲ್ಲೆಯ ಹೆಂಗಸು ತಡವರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ನಿಮ್ಮ ಮನೆಗೆ ಈಗಷ್ಟೇ ದುಡ್ಡು ಬಿತ್ತು. ಹಾಕಿದವರು ಅಗೋ, ಹೋಗುತ್ತಿದ್ದಾರೆ.”

ಮಂಜಿನಲ್ಲಿ ಅವರ ಬೆನ್ನು ಹಿಡಿದು ಓಡಿದೆ. ಅವರು ನಿಂತದ್ದು ನಮ್ಮ ಮನೆಯೆದುರಿನ ಗೋಡೆಯ ಬಳಿಯೇ. ನಾನು ಕಾರ್ಡು ತೋರಿಸಿದೆ. ಅವರು ಜೇಬಿನಿಂದ ಅಂಥದೇ ಇನ್ನೊಂದನ್ನು ತೆಗೆದರು, ಅಂಚು ಸವೆದಿತ್ತು.

ಅವರ ಹೆಸರು ಡಂಕನ್. ಅವರ ಮಗಳು ಐಲಾ ನಮಗಿಂತ ಮೊದಲು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಕೆಲಸ ಹೋಗಿದ್ದನ್ನು ಯಾರಿಗೂ ಹೇಳದೆ, ದುಡ್ಡು ಉಳಿಸಲು ಹೀಟರ್ ಆರಿಸಿ ಕತ್ತಲಲ್ಲಿ ದಿನ ಕಳೆಯುತ್ತಿದ್ದಳು. ಎದೆಯಲ್ಲಿ ಕಫ ಕಟ್ಟಿತ್ತು. ಅವರು ಸಂಜೆ ಈ ದಾರಿಯಲ್ಲೇ ನಡೆದುಹೋಗುತ್ತಿದ್ದರು. ಕಿಟಕಿ ಕತ್ತಲಿದ್ದುದರಿಂದ ಮಗಳು ಹೊರಗೆ ಹೋಗಿರಬೇಕೆಂದು ಬಾಗಿಲು ತಟ್ಟಲಿಲ್ಲ. ಕೊನೆಗೆ ಬಾಗಿಲು ತೆರೆಸಿದಾಗ ಅವಳ ಉಸಿರು ನಿಂತಿತ್ತು.

“ಅವಳು ಒಳಗೇ ಇದ್ದಳು,” ಎಂದರು. ಮಗಳ ಆ ಕಾರ್ಡನ್ನು ಮತ್ತೆ ಜೇಬಿಗಿಳಿಸಿ, “ಈಗ ಒಳಗಿರುವುದು ಬೇರೆಯವರೆಂದು ಗೊತ್ತು. ಆದರೂ ಕಿಟಕಿ ಕತ್ತಲಾದರೆ ನಾನು ಅಂಗಡಿಗೆ ಹೋಗುತ್ತೇನೆ,” ಎಂದರು.

ನನ್ನ ಎದೆಯಲ್ಲೂ ಆ ವಾರ ಕೆಮ್ಮು ಕೂತಿತ್ತು. ಅವ್ವನಿಗೆ, ಗಂಡನಿಗೆ ಇಲ್ಲಿ ಮನೆ ಬೆಚ್ಚಗಿದೆಯೆಂದೇ ಹೇಳುತ್ತಿದ್ದೆ. ಗೋಡೆಯ ಬಳಿ ನಿಂತವರಿಗಿಂತ ಹೆಚ್ಚಾಗಿ ನಾನು ಆಗ ಹೆದರಿದ್ದು ನಮ್ಮ ಕತ್ತಲ ಕಿಟಕಿಗೆ.

ಅವರನ್ನು ಒಳಗೆ ಕರೆದೆ. ಬರಲಿಲ್ಲ. ಹಾಕಿದ ಹಣ ವಾಪಸು ಕೊಡುತ್ತೇವೆಂದರೆ ಬೇಡವೆಂದು ಕೈ ಅಡ್ಡ ಹಿಡಿದರು. “ಇನ್ನು ಮೇಲೆ ನೀವು ದುಡ್ಡು ಹಾಕಬೇಡಿ. ದೀಪ ನಾವು ಹಚ್ಚುತ್ತೇವೆ,” ಎಂದೆ. ಬಹಳ ಹೊತ್ತು ಕಿಟಕಿ ನೋಡಿ, ತಲೆಯಾಡಿಸಿ ಹೋದರು.

ಅವತ್ತೇ ಶರಣಪ್ಪನಿಗೆ ಎಲ್ಲ ಹೇಳಿದೆ. ತಿಂಗಳಿಗೆ ಕಳಿಸುವುದು ಕಡಿಮೆಯಾಗುತ್ತದೆ, ಯುಗಾದಿಗೆ ಮುಂಗಡ ಆಗಲಿಕ್ಕಿಲ್ಲ ಎಂದೆ. ಅತ್ತ ಹೊಲಿಗೆ ಮಷೀನು ನಿಂತಿತು.

“ಅಂಗಡಿ ಹೋದ್ರ ಹೋಗ್ಲಿ,” ಎಂದ. “ಮಷೀನ್ ಎಲ್ಲಿಟ್ರೂ ನಡೀತದ. ನೀ ಕತ್ತಲದಾಗ ಕುಂದ್ರಬ್ಯಾಡ.”

ಅಂಗಡಿ ಹೋಯಿತು. ಈಗ ಅವನು ಅದೇ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡಿನಡಿ ಕೂರುತ್ತಾನೆ; ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ನಮ್ಮ ಖರ್ಚಿನಲ್ಲಿ ಮೀಟರು ಬಾಡಿಗೆಯ ಪಕ್ಕಕ್ಕೆ, ಹಿಂಡಬಾರದ ಸಾಲಿಗೆ ಬಂದು ಕೂತಿದೆ. ಅಲ್ಲಿಂದಾಚೆ ಅದು ತಾನಾಗಿ ತುಂಬಲಿಲ್ಲ. ಸಂಜೆ ಎದುರಿನ ಗೋಡೆಯ ಬಳಿ ಉದ್ದ ಕೋಟು ಕಾಣಿಸಿದರೆ ಬೆಳಕು ಕಾಣಲೆಂದು ರೆಹಾನಾ ಪರದೆ ಸರಿಸುತ್ತಾಳೆ.

ಮೊದಲ ರಜೆಗೆ ಊರಿಗೆ ಹೋದಾಗ ಮಟಕಿಯ ಪಡಸಾಲೆಯಲ್ಲಿ ಅವ್ವ ಹೊಸ ಚಾಪೆ ಹಾಸಿದಳು. ಹೊರಗಿನವರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವ ಕಪ್ಪು–ಬಸಿಯಲ್ಲಿ ನನಗೆ ಚಹಾ ಬಂತು. ಅಷ್ಟರಲ್ಲಿ ರೆಹಾನಾಳ ಫೋನು.

“ಅಜ್ಜ ಇವತ್ತ ಒಳಗ ಬಂದಿದ್ರು, ಗೊತ್ತೇನ?” ಎಂದಳು. “ಅಡಗಿ ಮನಿ ಕಿಟಕಿ ಹತ್ರ ನೀ ಕೂಡೋ ಕುರ್ಚಿ ಅದ ಅಲ್ಲಾ, ಅದು ಅವರ ಮಗಳದಂತ. ಕೂಡ್ಲೇನ ಅಂತ ಕೇಳಿದ್ರು.”

“ನೀ ಏನಂದಿ?”

“ಬಾಯಿಗೆ ಹಂಗೇ ಬಂತು ಬೇ. ಅದು ನಮ್ಮ ಸುವರ್ಣಾಂದು, ಊರಿಗೆ ಹೋಗ್ಯಾಳ, ಬರ್ತಾಳ ಅಂದೆ. ಹೌದೇನ ಅಂದು ಬ್ಯಾರೆ ಕುರ್ಚಿ ಮ್ಯಾಲ ಕೂತ್ರು.”

ಎಂದೂ ಕೇಳದೆ ಸಕ್ಕರೆ ಹಾಕುತ್ತಿದ್ದ ಅವ್ವ ಎದುರಿಗೇ ಕೂತು, ಚಹಾಕ್ಕೆ ಎಷ್ಟು ಹಾಕಲಿ ಎಂದು ಕೇಳುತ್ತಿದ್ದಳು.