ಬಾವಿಯೊಳಗಿನ ಕಲ್ಲುಮರ

ಓದುಗ ಮಹನೀಯರಲ್ಲಿ ವಿನಂತಿ. ನನ್ನ ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳು ಆಗಾಗ ತಪ್ಪುತ್ತವೆ. ಈವರೆಗೆ ಅರ್ಜಿಗಳ ಹೊರತು ಬೇರೇನನ್ನೂ ಬರೆದವಳಲ್ಲ. ದಯವಿಟ್ಟು ಮನ್ನಿಸಬೇಕು.

ನನ್ನ ಸಣ್ಣ ಮಾವನವರ, ಅಂದರೆ ಪತಿಯ ಚಿಕ್ಕಪ್ಪನವರ, ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬಾವಿ ತೋಡುವ ಕಸುಬಿನಲ್ಲಿ ಹೋಗಿತ್ತು. ಯಾವ ಕಲ್ಲು ಕಂಡರೂ ಆ ಬೋಳು ಬೆರಳಿನಿಂದ ಉಜ್ಜಿ, ನಾಲಿಗೆಗೆ ತಾಗಿಸಿ ನೋಡುವುದು ಸದರಿಯವರ ರೂಢಿ. ಊಟಕ್ಕೆ ಕುಳಿತಾಗಲೂ ಬಿಡುತ್ತಿರಲಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಔರಾದಿನ ನಮ್ಮ ಓಣಿಯ ಜನ ಬಸ್ಸಿನಲ್ಲಿ ಭಾಲ್ಕಿಗೆ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದರು. ಓಣಿಯ ಬಾವಿಯನ್ನು ಆಳ ಮಾಡಿ ನೀರು ಬಂದರೆ ಮಾತ್ರ ನಾವು ಉಳಿಯುವುದೆಂದು ತೀರ್ಮಾನವಾಗಿತ್ತು. ಆ ಕೆಲಸ ಮಾವನವರದು.

ಕರಿಕಲ್ಲಿನ ಕೆಳಗೆ ಬಿಳಿಮಣ್ಣಿನ ಪದರ ಬಂತು. ಅದರಲ್ಲಿ ಅಡ್ಡಬಿದ್ದ ಮರದ ಕಾಂಡ. ತೊಗಟೆ, ಗಂಟು ಎಲ್ಲವೂ ಇದ್ದವು, ಎಲ್ಲವೂ ಕಲ್ಲು. ಮಾವನವರು ಮದ್ದಿಟ್ಟು ಸಿಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಕಾಂಡದ ಗುಂಟ ಉಳಿಯಿಂದ ಅಡ್ಡಕ್ಕೆ ಕೊರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

“ಮಾವಾ, ಬಾವಿ ತೋಡ್ಲಕತ್ತೀರೋ, ಇಲಿ ಬಿಲಾ ತೋಡ್ಲಕತ್ತೀರೋ?”

“ಕುಂಡ್ರು ಮಗಳ, ಹೇಳ್ತೇನಿ. ಈ ಗಿಡ ಬಿದ್ದದ್ದು ಕೆರಿಯಾಗ. ಕೊಳಿಯೋಕಿಂತ ಮೊದಲ ಕೆಸರು ಮುಚ್ಯದ, ಗಾಳಿ ತಾಕಿಲ್ಲ. ಆಮ್ಯಾಲ ಕಲ್ಲಿನ ಸತ್ವ ಕರಗಿದ ನೀರು ಒಂದೊಂದು ನಾರಿನಾಗ ಇಳದದ. ಕಟ್ಟಿಗಿ ಹೋದಾಂಗ ಆ ಜಾಗಾದಾಗ ಕಲ್ಲು ಕೂಡ್ಯದ. ಬೀದರದಾಗ, ಚಿದ್ರಿಯ ಕಾಲೇಜು ಸಾಹೇಬ್ರು ಹೇಳಿದ್ರು, ಅವರ ಬಾವಿ ತೋಡುವಾಗ. ನೀರಿಲ್ದ ಗಿಡ ಕಲ್ಲಾಗಂಗಿಲ್ಲ. ಆ ನೀರಿನ ದಾರಿ ಇಲ್ಲೇ ಅದ.”

“ಯಾವ ಕಾಲದ ನೀರ್ರಿ ಅದು?”

“ಕೋಟಿಗಟ್ಟಲೆ ವರ್ಷದ್ದು.”

“ಹಂಗಾದ್ರ ಕೊಡಾ ಹಿಡಕೊಂಡು ನಿಂದ್ರತೇನಿ. ಬಂದ್ರ ಕೂಗ್ರಿ.”

ಮಾವನವರು ನಕ್ಕು ಉಳಿ ಎತ್ತಿಕೊಂಡರು.

ಇಷ್ಟು ಸಾಲದೆಂಬಂತೆ, ಸದರಿ ಸಾಹೇಬರು ಖುದ್ದಾಗಿ ಬಂದು ಕಲ್ಲುಮರವನ್ನು ಪರಿಶೀಲಿಸಬೇಕೆಂದು ಕೋರಿ ನನ್ನಿಂದ ಮೂರು ಅರ್ಜಿ ಬರೆಸಿದರು. ಅವರಿಗೆ ಅಕ್ಷರ ಬಾರದು. ಪ್ರತಿಯೊಂದನ್ನೂ ಓದಿಸಿ ಕೇಳಿ, “ಅದಬ್ ಕಮ್ಮಿ ಆಗ್ಯದ, ಇನ್ನಷ್ಟು ಹಾಕು” ಎನ್ನುತ್ತಿದ್ದರು. ಅದಬ್ ಎಂದರೆ ಮರ್ಯಾದೆಯ ಮಾತು. ಒಲೆಯ ಮೇಲೆ ರೊಟ್ಟಿ ಸೀಯುತ್ತಿದ್ದರೂ ನಾನು ‘ಘನವೆತ್ತ’ ಎಂಬುದನ್ನು ಸೇರಿಸುತ್ತಿದ್ದೆ. ಯಾರೂ ಬರಲಿಲ್ಲ. ನೀರೂ ಬರಲಿಲ್ಲ.

ಕೊನೆಗೆ ನನ್ನ ಪತಿ ಗಂಟು ಕಟ್ಟಿದರು. ಮಾವನವರು ಬಾವಿಯಿಂದ ಮೇಲೆ ಬಂದು, “ನೀವು ಹೋಗ್ರಿ, ನಂದು ಇನ್ನೂ ಕೆಲ್ಸಾ ಅದ” ಎಂದರು. ಭಾಲ್ಕಿ ಸ್ಟೇಷನ್ನಿನವರೆಗೂ ನಾನು ಅವರನ್ನು ಬೈಯುತ್ತಲೇ ಇದ್ದೆ.

ತಿಂಗಳ ನಂತರ, ಹೈದರಾಬಾದಿಗೆ ಬರುತ್ತಿದ್ದ ಬೇರೆ ಊರಿನವನೊಬ್ಬನ ಕೈಯಲ್ಲಿ ಒಂದು ಅರಿವೆಯ ಗಂಟು ಕಳಿಸಿದರು. ಬಿಚ್ಚಿದರೆ ಕಲ್ಲುಮರದ ಚೂರು.

“ಕೊಡುವಾಗ ಅರಿವಿ ಹಸಿ ಇತ್ರಿ. ಸೊಸಿಗಿ ಕೊಡು, ತಿಳೀತದ ಅಂದಾರ,” ಎಂದ ಆತ.

ಅರಿವೆ ದಾರಿಯಲ್ಲೇ ಒಣಗಿತ್ತು. ನನಗೆ ತಿಳಿಯಲಿಲ್ಲ. ರೊಟ್ಟಿಗೆ ಗತಿಯಿಲ್ಲದಾಗ ಕಲ್ಲು ಕಳಿಸಿದ್ದಾರೆಂದು ಸಿಟ್ಟಿನಿಂದ ಅದನ್ನು ಬಾಗಿಲು ಮುಚ್ಚದಂತೆ ಒತ್ತಾಗಿ ಇಟ್ಟೆ.

ಮಳೆಯಾದ ಮೇಲೆ ಊರಿಗೆ ಮರಳಿದಾಗ ಮಾವನವರು ಜ್ವರದಿಂದ ತೀರಿಕೊಂಡು ಹದಿನೈದು ದಿನವಾಗಿತ್ತು. ಬಾವಿಯಲ್ಲಿ ಕಾಂಡದ ಬುಡದಿಂದ ಬೆರಳು ದಪ್ಪದ ನೀರು ಇಳಿಯುತ್ತಿತ್ತು. ಉಳಿದ ಮನೆಗಳವರು ಬೇಸಿಗೆಯಿಡೀ ಅದನ್ನೇ ಕುಡಿದಿದ್ದರು. ನಾವೂ ಮರಳಿ ಬರಬಹುದಿತ್ತು. ಆ ಸುದ್ದಿ ತಿಳಿಸಲು ಅವರಿಗೆ ಅರ್ಜಿ ಬರೆಯುವವಳು ಊರಲ್ಲಿರಲಿಲ್ಲ. ಬರೀ ಬಾಯಿಮಾತನ್ನು ನಾನು ನಂಬುವವಳಲ್ಲವೆಂದು ಬಲ್ಲರು. ಇದ್ದದ್ದು ಆ ನೀರಿನಲ್ಲಿ ಅದ್ದಿದ ಹಸಿ ಅರಿವೆಯೊಂದೇ.

ಇದು ನಾನು ಅವರಿಗಾಗಿ ಬರೆಯುತ್ತಿರುವ ನಾಲ್ಕನೆಯ ಅರ್ಜಿ. ತಪ್ಪು ಕಂಡಲ್ಲಿ ತಾವು ತಿದ್ದಿ ಓದಬೇಕು. ಅದಬ್ ಕಡಿಮೆಯಾಗಿದ್ದರೆ, ದಯಮಾಡಿ ಇನ್ನಷ್ಟು ಸೇರಿಸಬೇಕು.