ಆನ್‌ಲೈನ್ ಆದ ತಾಡಪತ್ರಿ ಅತ್ತೆ

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಸೋದರತ್ತೆ ಹೊಸಪೇಟೆಯ ನಡುರಸ್ತೆಯಲ್ಲಿ ಒಂದು ಆಟೊ ಅಡ್ಡಗಟ್ಟಿ, "ಹಂಪಿಗೆ ಹೊಡಿ, ಜಲ್ದಿ! ಇಂಟರ್ನೆಟ್ ಹೊತ್ತಾಗ್ತೈತಿ!" ಎಂದು ಕೂಗಿದಳು.

ಆಟೊದವನು ನನ್ನ ಮುಖ ನೋಡಿದ. ಹಂಪಿಗೆ ಜನ ದೇವರ ದರ್ಶನಕ್ಕೆ ಹೋಗುತ್ತಾರೆ. ಬಂಡೆ ಹತ್ತಿ ಫೋಟೊ ಹೊಡೆಸಿಕೊಳ್ಳಲು ಹೋಗುತ್ತಾರೆ. ಅರವತ್ತು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಂಟರ್ನೆಟ್‌ಗೆಂದು ಹೋಗುತ್ತಾಳೆಯೇ?

ಹೋಗುತ್ತಾಳೆ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ.

ನಮ್ಮ ಪಾರ್ವತತ್ತೆಯದು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಯ ಮೇಲೆ ಹೊದಿಸುತ್ತಾರಲ್ಲ, ಅದೇ. ನಾಲ್ಕು ಮಿಷನ್ನು, ಏಳು ಜನ ಹೆಂಗಸರು. ಅದಿರಿನ ಲಾರಿಗಳು ಸಂಡೂರಿನ ಗುಡ್ಡದಿಂದ ಇರುವೆ ಸಾಲಿನಂತೆ ಇಳಿಯತೊಡಗಿದ ಮೇಲೆ ಅತ್ತೆಗೆ ಕೆಮ್ಮಲೂ ಪುರಸೊತ್ತಿಲ್ಲ. (ಕೆಮ್ಮು ಮಾತ್ರ ಇದೆ. ಆ ಕೆಂಪು ಧೂಳು ಯಾರನ್ನು ಬಿಟ್ಟಿದೆ?) ಅಲ್ಲಿನ ಒಂದು ಗಣಿ ಕಂಪನಿಗೆ ಅವಳೇ ಕಾಯಂ ತಾಡಪತ್ರಿ. ಕಂಪನಿಯ ಹೆಸರು ಬೇಡ, ನಾಳೆಯೂ ಆರ್ಡರ್ ಬೇಕಲ್ಲ!

ವ್ಯವಹಾರ ಹೇಗೆ ನಡೆಯುತ್ತಿತ್ತು? ಸ್ಟೋರ್ಸ್ ಆಫೀಸರು ಜೀಪಿನಲ್ಲಿ ಬರುವುದು, ಮಿರ್ಚಿ ಬಜ್ಜಿ ತಿನ್ನುವುದು, "ಅಮ್ಮಾ, ಮೂವತ್ತು ಬೇಕ್ರಿ" ಅನ್ನುವುದು. ಮುಗಿಯಿತು.

ಮೂರು ತಿಂಗಳ ಹಿಂದೆ ಅದೇ ಆಫೀಸರು ಬಂದರು. ಮಿರ್ಚಿ ತಿಂದರು. ಆರ್ಡರ್ ಮಾತ್ರ ಕೊಡಲಿಲ್ಲ.

"ಇನ್ಮ್ಯಾಲೆ ಎಲ್ಲಾ ಇ-ಪ್ರೊಕ್ಯೂರ್‌ಮೆಂಟ್ ರೀ ಅಮ್ಮಾ. ನಟ್ಟು ಬೋಲ್ಟಿನಿಂದ ಹಿಡಿದು ನಿಮ್ಮ ತಾಡಪತ್ರಿ ತನಕ ಕಂಪ್ಯೂಟರ್‌ನಾಗ ಖರೀದಿ. ನೀವೂ ಪೋರ್ಟಲ್‌ನಾಗ ಹೆಸರು ಹಚ್ರಿ."

ಅತ್ತೆ ನೇರ ನಮ್ಮ ಮನೆಗೆ ಬಂದಳು. "ಲೇ ಸರೋಜಿ, ಪೇಪರಿಗೆ ನಿನ್ನ ಬರಹ ಕಂಪ್ಯೂಟರ್‌ನಾಗ ಕಳಿಸ್ತಿಯಲ್ಲ, ನನ್ನ ತಾಡಪತ್ರಿ ಕಳಿಸಾಕ ಏನು ದಾಡಿ?"

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಹೀಗೆ ಒಂದು ಕಂಪನಿಯ ಐಟಿ ವಿಭಾಗದ ಮುಖ್ಯಸ್ಥೆಯಾದೆ. ಸಂಬಳ: ಎರಡು ಪ್ಲೇಟ್ ಮಿರ್ಚಿ.

ಹೆಸರು ಹಚ್ಚಲು ನಾಲ್ಕು ದಿನ ಹಿಡಿಯಿತು. ಪೋರ್ಟಲ್ ಕೇಳಿತು: ನಿಮ್ಮ ಕಂಪನಿಯ ಧ್ಯೇಯವಾಕ್ಯವೇನು? ಅತ್ತೆ ಯೋಚಿಸಿ, "ಸೋರಂಗಿಲ್ಲ ಅಂತ ಬರಿ" ಅಂದಳು. ಬರೆದೆ. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದು ನಾನು ಗುಟ್ಟಾಗಿ ಕಿವಿಯಲ್ಲಿ ಹೇಳಿದರೆ, ಅವಳು ಅಂಗಡಿಯಲ್ಲಿ ನಿಂತು ಏಳೂ ಜನಕ್ಕೆ ಕೇಳುವಂತೆ ಸಾರಿದಳು: "ನೆನಪಿಟ್ಕೊಳ್ರೇ ಎಲ್ಲಾರೂ! ನಾ ಮರೆತ್ರ ನೀವು ಹೇಳ್ಬೇಕು."

ಕೊನೆಗೂ ಬಂತು ಹರಾಜಿನ ದಿನ. ಹರಾಜು ಅಂದರೆ ರೇಟು ಏರುವ ಹರಾಜಲ್ಲ, ಇಳಿಯುವ ಹರಾಜು. ಸಂಜೆ ಮಾರ್ಕೆಟ್ಟಿನಲ್ಲಿ ಬಾಡಿದ ಸೊಪ್ಪು ಮಾರುತ್ತಾರಲ್ಲ, ಹಾಗೆ. ಮಾರುವವರೆಲ್ಲ ಪೈಪೋಟಿಯಿಂದ ರೇಟು ಇಳಿಸುತ್ತಾ ಹೋಗಬೇಕು, ಕೊನೆಯಲ್ಲಿ ಎಲ್ಲರಿಗಿಂತ ಕೆಳಗಿದ್ದವರಿಗೆ ಆರ್ಡರು. ಯಾರ ಹೆಸರೂ ಕಾಣುವುದಿಲ್ಲ. ಬಿಡ್ಡರ್ ಒಂದು, ಬಿಡ್ಡರ್ ಎರಡು, ಅಷ್ಟೇ.

ಶುರುವಾಗುವುದು ಹನ್ನೊಂದೂವರೆಗೆ. ನಾನು ಸಿಎಲ್ ಹಾಕಿ, ಹತ್ತು ಗಂಟೆಗೇ ಹೊಸಪೇಟೆಯ ನೆಟ್ ಸೆಂಟರ್‌ನಲ್ಲಿ ಕಂಪ್ಯೂಟರ್ ಹಿಡಿದು ಕೂತಿದ್ದೆ. ಅತ್ತೆ ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಅಂಕಿ ಬರೆದುಕೊಂಡಿದ್ದಳು. "ಇದಕ್ಕಿಂತ ಒಂದು ರೂಪಾಯಿ ಕೆಳಗ ಇಳಿದ್ರ, ಹೆಣ್ಮಕ್ಕಳಿಗೆ ಪಗಾರ ಕೊಡಾಕ ಆಗಂಗಿಲ್ಲ."

ಹತ್ತೂ ಇಪ್ಪತ್ತಕ್ಕೆ ಕರೆಂಟ್ ಹೋಯಿತು.

ಎಲ್ಲಿ? ಹೊಸಪೇಟೆಯಲ್ಲಿ! ಪಕ್ಕದಲ್ಲೇ ಅಷ್ಟು ದೊಡ್ಡ ಡ್ಯಾಮ್, ಅಲ್ಲೇ ಕರೆಂಟ್ ಹುಟ್ಟುತ್ತದೆ, ನಮ್ಮೂರಿಗೆ ಒಂದು ಟಾಟಾ ಮಾಡಿ ಮುಂದಕ್ಕೆ ಹೋಗುತ್ತದೆ. ಕೇಳಿದರೆ ಸಂಜೆ ತನಕ ಬರುವುದಿಲ್ಲವಂತೆ, ಸುತ್ತಮುತ್ತ ಎಲ್ಲೂ ಇಲ್ಲವಂತೆ. ನೆಟ್ ಸೆಂಟರಿನವರು ಕೈ ಚೆಲ್ಲಿದರು. "ಜನರೇಟರ್ ಬೇಕಂದ್ರ ಹಂಪಿ ಬಜಾರಕ್ಕ ಹೋಗ್ರಿ ಮೇಡಂ. ಫಾರಿನ್ನೋರಿಗೆ ಅಂತ ಇಟ್ಟಾರ."

ಆಮೇಲಿನ ಆಟೊ ಕಥೆ ನಿಮಗೆ ಗೊತ್ತು.

ಅದಿರಿನ ಲಾರಿಗಳ ನಡುವೆ ನುಗ್ಗಿ, ಮೈಯೆಲ್ಲ ಕುಂಕುಮದ ಬಣ್ಣ ಮಾಡಿಕೊಂಡು ನಾವು ಹಂಪಿ ಬಜಾರ್ ಮುಟ್ಟಿದಾಗ ಹನ್ನೊಂದೂ ಹದಿನೈದು. ಕಲ್ಲಿನ ಮಂಟಪದ ಪಕ್ಕ ಜನರೇಟರ್ ಗುಡುಗುಡು ಅನ್ನುತ್ತಿತ್ತು. ಒಳಗೆ ಪ್ಲೈವುಡ್ ಗೋಡೆ ಹಾಕಿ ಮಾಡಿದ ಪುಟ್ಟ ಪುಟ್ಟ ಕ್ಯಾಬಿನ್ನು. ಎಲ್ಲ ಭರ್ತಿ! ಅತ್ತೆ ಕ್ಯಾಬಿನ್ನಿನಲ್ಲಿದ್ದ ಒಬ್ಬ ಫಾರಿನ್ ಹುಡುಗಿಯ ಮುಂದೆ ಅಂಗೈ ಚಾಚಿ, ಆ ಅಂಕಿ ತೋರಿಸಿ, ಅಚ್ಚ ಕನ್ನಡದಲ್ಲಿ ತನ್ನ ಕಷ್ಟವನ್ನೆಲ್ಲ ವಿವರಿಸಿದಳು. ಅವಳಿಗೆ ಏನು ಅರ್ಥವಾಯಿತೋ ಕಾಣೆ, ಎದ್ದು ಜಾಗ ಬಿಟ್ಟಳು. ಬಿಟ್ಟವಳು ಹೋಗಲಿಲ್ಲ, ನಮ್ಮ ಬೆನ್ನಿಗೇ ನಿಂತಳು.

ಆಟ ಶುರು.

ಐವರು ಬಿಡ್ಡರ್‌ಗಳಲ್ಲಿ ಮೂವರು ಹತ್ತೇ ನಿಮಿಷಕ್ಕೆ ಸುಸ್ತು. ಉಳಿದಿದ್ದು ನಾವು ಮತ್ತು ಬಿಡ್ಡರ್ ನಾಲ್ಕು. ನಾವು ಹತ್ತು ರೂಪಾಯಿ ಇಳಿಸಿದರೆ ಅವನು ಹನ್ನೊಂದು. ನಾವು ಇಪ್ಪತ್ತು, ಅವನು ಇಪ್ಪತ್ತೊಂದು. ಎಂಥ ಜಿಪುಣ ಇವನು! ಮುಗಿಯುವ ಹೊತ್ತಿಗೆ ಯಾರಾದರೂ ರೇಟು ಹಾಕಿದರೆ ಗಡಿಯಾರ ಮತ್ತೆ ಮೂರು ನಿಮಿಷ ಮುಂದಕ್ಕೆ. ನನ್ನ ಎದೆ ಜನರೇಟರ್‌ಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಾನು ಎಂಟರ್ ಒತ್ತಿದಾಗಲೆಲ್ಲ ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ "ಅಯ್ಯಯ್ಯಯ್ಯೋ" ಅನ್ನುತ್ತಿದ್ದರು. ಪಾಪ, ಯಾರಿಗೋ ಕೆಟ್ಟ ಮೇಲ್ ಬಂದಿರಬೇಕು ಅಂದುಕೊಂಡೆ.

ಅಂಗೈಯ ಅಂಕಿಗೆ ಬಂದು ಮುಟ್ಟಿದೆವು. ಅದನ್ನೇ ಹಾಕಿದೆ. ನನಗೆ ಮಾತ್ರ ಜೂಜಿನ ನಶೆ ಏರಿಬಿಟ್ಟಿತ್ತು. "ಅತ್ತೆ, ಅವನು ಇನ್ನೂ ಇಳಿದರೆ ನಾವೂ ಇಳಿಯೋಣ, ಇನ್ನೈದೇ ರೂಪಾಯಿ!"

ಅತ್ತೆ ನನ್ನ ಕೈಯನ್ನು ಮೌಸಿನಿಂದ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. "ಬ್ಯಾಡ. ಇನ್ನು ಹೋದ್ರ ಹೋಗಲಿ."

ಮೂರು ನಿಮಿಷ. ಎರಡು. ಒಂದು. ಪರದೆಯ ಮೇಲೆ ಹಸಿರು ಅಕ್ಷರ: ನೀವು ಎಲ್-ಒನ್! ಅಂದರೆ ಎಲ್ಲರಿಗಿಂತ ಕಡಿಮೆ, ಅಂದರೆ ಗೆದ್ದೆವು! ನಾನು ಕಿರುಚಿದೆ. ಫಾರಿನ್ ಹುಡುಗಿ ಅತ್ತೆಯನ್ನು ತಬ್ಬಿಕೊಂಡು ಕುಣಿದಳು.

ಅದೇ ಕ್ಷಣಕ್ಕೆ ಪಕ್ಕದಿಂದ ಒಂದು ದನಿ: "ಹೋತಲೇ, ಹೋತು! ಯಾವನೋ ಮುಂಬೈಯಾವ ಹೊಡ್ಕೊಂಡು ಹೋದ!"

ಅತ್ತೆಯ ಮುಖದ ನಗು ಹಾಗೇ ನಿಂತಿತು. ಕುರ್ಚಿ ಹತ್ತಿ ಪ್ಲೈವುಡ್ ಗೋಡೆಯಾಚೆ ಇಣುಕಿದಳು.

"ಮುಂಬೈಯಾವ ಅಲ್ಲಲೇ ಮಲ್ಲಣ್ಣ. ನಾನು."

ಕಂಪ್ಲಿಯ ಮಲ್ಲಣ್ಣ! ಅವನದೂ ತಾಡಪತ್ರಿ ಅಂಗಡಿ. ಅಲ್ಲೂ ಕರೆಂಟ್ ಹೋಗಿ, ಅವನೂ ಜನರೇಟರ್ ಹುಡುಕಿಕೊಂಡು ಇಲ್ಲಿಗೇ ಬಂದಿದ್ದ. ಅತ್ತೆಯ ಅಂಗಡಿಯ ಕಟಿಂಗ್ ಮಾಸ್ತರನನ್ನು ಹೊಸ ಸೈಕಲ್ ಕೊಡಿಸಿ ಹಾರಿಸಿಕೊಂಡು ಹೋದವನು ಇದೇ ಮಲ್ಲಣ್ಣ. ಅಂದಿನಿಂದ ಆರು ವರ್ಷ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಅವರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದಾಗ ನಾನು ಆರ್ಡರ್ ಪ್ರಿಂಟ್ ತೆಗೆಯಲು ಪುಟವನ್ನು ಕೆಳಕ್ಕೆ ಸರಿಸಿದೆ. ಆ ಆಮೆ ಇಂಟರ್ನೆಟ್‌ನಲ್ಲಿ ಅರ್ಧ ಪುಟ ಈಗ ಬರುತ್ತಿತ್ತು. ಮೇಲೆ ಬರೆದಿತ್ತು: ಒಂದು ಲಾಟಿಗೆ ನಲವತ್ತು. ಕೆಳಗೆ ಬರೆದಿತ್ತು: ಹತ್ತು ಲಾಟು.

"ಅತ್ತೆ," ನಾನು ಪರದೆಯತ್ತ ಬೆರಳು ತೋರಿಸಿದೆ. "ನಲವತ್ತಲ್ಲ. ನಾನೂರು. ಮೂವತ್ತು ದಿನದಲ್ಲಿ. ಕೊಡದಿದ್ದರೆ ಕಪ್ಪು ಪಟ್ಟಿ."

ನಾಲ್ಕು ಮಿಷನ್ನು ಹಗಲಿಡೀ ಓಡಿದರೆ ದಿನಕ್ಕೆ ಐದು ತಾಡಪತ್ರಿ. ಲೆಕ್ಕ ನೀವೇ ಹಾಕಿ. ಓದದೆ ಕೂತ ತಪ್ಪು ಪೂರಾ ನನ್ನದು. ಕಪ್ಪು ಪಟ್ಟಿ ಸೇರಿದರೆ ಏಳು ಹೆಂಗಸರ ಮುಖ ಹೇಗೆ ನೋಡಲಿ?

ಮಲ್ಲಣ್ಣ ನಗತೊಡಗಿದ. ಗೋಡೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಯಪ್ಪಾ! ನಾನೂ ನಲವತ್ತು ಅಂತನ ತಿಳಕೊಂಡಿದ್ದೆ! ಉಳಕೊಂಡೆ!"

"ನಗು, ನಗು," ಅಂದಳು ಅತ್ತೆ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕುತ್ತ, "ನಿನ್ನ ಹತ್ರ ಎಷ್ಟು ಮಿಷನ್ ಅದಾವು?"

ನಗು ನಿಂತಿತು.

"ಎಂಟು."

"ನಂದು ನಾಕು."

ಮಲ್ಲಣ್ಣ ತಲೆ ಕೆರೆದುಕೊಂಡ. "ಅಕ್ಕಾ," ಅಂದ. ಆರು ವರ್ಷದಲ್ಲಿ ಮೊದಲ ಸಲ ಅಕ್ಕಾ ಅಂದಿದ್ದು! "ಬುಕ್ಕಸಾಗರದಾಗ ನಮ್ಮ ಭಾವನ ರೈಸ್ ಮಿಲ್ ಐತಿ. ಸುಗ್ಗಿ ಇಲ್ಲ, ಅಂಗಳ ಖಾಲಿ ಬಿದ್ದೈತಿ. ನಿಂಗೂ ಹತ್ರ, ನಂಗೂ ಹತ್ರ. ಮಿಷನ್ ಎಲ್ಲಾ ಅಲ್ಲೇ ಹಾಕೋಣೇನು?"

"ಕಟಿಂಗ್ ಮಾಸ್ತರ ಬರ್ತಾನೇನು?"

"ಸೈಕಲ್ ಮ್ಯಾಲ ಬರ್ತಾನ."

ಅತ್ತೆ ಗೊಳ್ಳೆಂದು ನಕ್ಕುಬಿಟ್ಟಳು. ಕುರ್ಚಿಯ ಮೇಲಿಂದ ಬೀಳದಂತೆ ಫಾರಿನ್ ಹುಡುಗಿ ಹಿಡಿದುಕೊಳ್ಳಬೇಕಾಯಿತು.

ಕಂಪನಿಗೆ ಮೇಲ್ ಬರೆದು ಕೇಳಿದೆ: ಜೊತೆಗೆ ಇನ್ನೊಬ್ಬರ ಕೈಯಲ್ಲಿ ಹೊಲಿಸಬಹುದೇ? ಹೊಲಿಗೆ ಗಟ್ಟಿಯಿದ್ದರೆ ಸಾಕು ಎಂಬ ಉತ್ತರ ಬಂತು. ಆಮೇಲಿನದು ಒಂದು ತಿಂಗಳ ಜಾತ್ರೆ. ಎರಡೂ ಅಂಗಡಿಯ ಮಂದಿ ಸಾಲದೆ ಬುಕ್ಕಸಾಗರದ ಹೆಂಗಸರೂ ಬಂದರು, ಅವರವರ ಮನೆಯ ಮಿಷನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು. ಭತ್ತ ಒಣಗಿಸುವ ಅಂಗಳದ ತುಂಬ ನೀಲಿ ತಾಡಪತ್ರಿ. ಮೇಲಿಂದ ನೋಡಿದವರಿಗೆ ಹೊಳೆಯೇ ಊರಿಗೆ ಬಂದಂತೆ ಕಂಡಿರಬೇಕು. ಹಾಡು, ಜಗಳ, ಕೂಡಿ ಬುತ್ತಿ ಬಿಚ್ಚುವುದು. ನಾನೂ ಭಾನುವಾರಗಳಂದು ಹೋಗಿ ಅಂಚಿಗೆ ಹಿತ್ತಾಳೆ ರಿಂಗು ಹೊಡೆದೆ. (ಎರಡು ಸಲ ಹೆಬ್ಬೆರಳಿಗೂ ಹೊಡೆದುಕೊಂಡೆ.) ಎರಡು ದಿನ ಮುಂಚೆಯೇ ನಾನೂರೂ ತಯಾರು!

ಮಾಲು ತೆಗೆದುಕೊಳ್ಳಲು ಆಫೀಸರು ಖುದ್ದು ಬುಕ್ಕಸಾಗರಕ್ಕೆ ಬಂದರು. ಒಂದು ತಾಡಪತ್ರಿ ಎಳೆದು ನೋಡಿದರು, ಇನ್ನೊಂದರ ಮೇಲೆ ಬಿಂದಿಗೆ ನೀರು ಸುರಿದು ನೋಡಿದರು. ಒಂದು ಹನಿ ಸೋರಲಿಲ್ಲ. ಆಮೇಲೆ ಖುಷಿಯಿಂದ ನನ್ನತ್ತ ತಿರುಗಿದರು.

"ನೋಡಿದ್ರಾ ಮೇಡಂ, ಮನುಷ್ಯಾರನ್ನ ನಡುವಿಂದ ತೆಗದ್ರ ಕೆಲಸ ಎಷ್ಟು ಜಲ್ದಿ ಆಗ್ತೈತಿ!"

ಅವರ ಬೆನ್ನ ಹಿಂದೆ ಇಪ್ಪತ್ತೆರಡು ಹೆಂಗಸರು, ಒಬ್ಬ ಮಲ್ಲಣ್ಣ, ಒಬ್ಬ ಕಟಿಂಗ್ ಮಾಸ್ತರ ಚಹಾ ಕುಡಿಯುತ್ತ ನಿಂತಿದ್ದರು. ಇವರೆಲ್ಲ ಯಾವ ಸಾಫ್ಟ್‌ವೇರ್ ಅಂತ ನಾನು ಕೇಳಬೇಕಿತ್ತೇ?