ಆರು ನಿಮಿಷ ಮುಂದಿದ್ದ ಕೈಗಡಿಯಾರ

ಮುಳ್ಳಣ್ಣ ಹೋದ ತಿಂಗಳು ತೀರಿಕೊಂಡರು. ಗಡಿಯಾರ ರಿಪೇರಿಯವರಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಬ್ಯಾಂಕಿನ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದನ್ನು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ಮಹಡಿ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ ಅವರ ಅಂಗಡಿ. ಒಂದು ಮೇಜು, ಒಂದು ಸ್ಟೂಲು, ಕುತ್ತಿಗೆ ಬಗ್ಗಿಸಿದ ದೀಪ, ಗೋಡೆಯ ಮೇಲೊಂದು ಗಡಿಯಾರ. ಮೂವತ್ತೆಂಟು ವರ್ಷ ಅಲ್ಲೇ ಕೂತರು. ಹುಟ್ಟಾ ಪುಕ್ಕಲು ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವರು, ರಸ್ತೆ ದಾಟುವಾಗ ಪಕ್ಕದವರ ತೋಳು ಹಿಡಿಯುವರು, ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಜೇಬಿನ ಡೈರಿಯಲ್ಲಿ ಬರೆದಿಡುವರು. ಆ ಹೆದರಿಕೆಯೇ ಅವರ ಕೆಲಸದ ಗುಟ್ಟು ಎಂದರೂ ಸರಿಯೆ. ರಿಪೇರಿಯಾದ ವಾಚನ್ನು ಕೂಡಲೆ ಕೊಟ್ಟವರಲ್ಲ. ಒಂದು ಸಲ ಟೈಮು ಕೂಡಿಸಿ, ಎಂಟು ದಿನ ತಮ್ಮ ಕೈಗೇ ಕಟ್ಟಿಕೊಂಡು ತಿರುಗುತ್ತಿದ್ದರು. ಆ ಎಂಟು ದಿನ ಕೀಲಿ ಕೊಡಬಹುದು, ಮುಳ್ಳು ಮುಟ್ಟುವಂತಿಲ್ಲ. ಆಮೇಲೆ ರೇಡಿಯೋದ ಸಮಯಕ್ಕೆ ಹೋಲಿಸಿ, ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಚೀಟಿ ಬರೆದು ಪಟ್ಟಿಗೆ ಕಟ್ಟಿ, ಪುನಃ ಬಿಚ್ಚಿ ಸರಿಮಾಡುವರು.

ಮೂರು ವರ್ಷದ ಹಿಂದೆ ಅವರ ಹೆಂಡತಿಯ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಅಕ್ಕ ಇದ್ದದ್ದು ಗಡಿಯಾಚೆಯ ದೇಶದಲ್ಲಿ. ಗಂಡ ಹೆಂಡತಿ ಮೊದಲ ಬಾರಿಗೆ ವಿಮಾನ ಹತ್ತಿ ಹೋಗಿ, ವಾರ ಇದ್ದು ಹೊರಟರು. ವಾಪಸು ಬರುವ ವಿಮಾನ ಸಂಜೆ ನಾಲ್ಕೂ ಹತ್ತಕ್ಕೆ ಇಲ್ಲಿ ಇಳಿಯಬೇಕಿತ್ತು. ಅದು ಹೊತ್ತಿಗೆ ಹೊರಡಲೇ ಇಲ್ಲ. ಮೂರು ಗಂಟೆ ಹೊತ್ತು ಮುಳ್ಳಣ್ಣ ಎಡಗೈಯಲ್ಲಿ ಹಿಡಿದ ಸೀಟಿನ ಹಿಡಿಯನ್ನು ಬಿಟ್ಟಿರಲಿಲ್ಲ. ರೆಕ್ಕೆಯ ಹತ್ತಿರ ಯಾರೋ ಬಗ್ಗಿ ನೋಡುವುದು, ತಲೆ ಕೊಡವುವುದು, ಮತ್ತೆ ಬಗ್ಗುವುದು, ಎಲ್ಲವನ್ನೂ ಗಂಟೆ ಸಮೇತ ಡೈರಿಗೆ ಇಳಿಸಿದರು. ಕೊನೆಯ ಸಾಲು: ‘ಇಳಿದೆವು. ಬಾಗಿಲು ತೆರೆದದ್ದು ಏಳು ಹದಿನೈದು. ಬದುಕಿದ್ದೇವೆ.’

ಪಕ್ಕದ ಟೈಪಿಂಗ್ ಅಂಗಡಿಯವನು ಅವರ ಮೂವತ್ತು ವರ್ಷದ ಗೆಳೆಯ. ಅರ್ಜಿ ಬರೆಯುವುದೇ ಅವನ ಕಸುಬು. ಪೂರ್ತಿ ಮೂರು ಗಂಟೆ ತಡವಾದರೆ ಆ ದೇಶದ ಕಾನೂನಿನಂತೆ ವಿಮಾನ ಕಂಪನಿ ಪರಿಹಾರ ಕೊಡಬೇಕೆಂದು ಎಲ್ಲೋ ಓದಿದ್ದ.

“ಬಿಡಬೇಡ ಮುಳ್ಳಣ್ಣ. ಅವರ ತಪ್ಪಿಗೆ ಅವರೇ ಕೊಡ್ತಾರೆ.”

“ಬೇಡ ಕಣೋ. ದೊಡ್ಡವರನ್ನ ಯಾಕೆ ಕೆಣಕೋದು?”

“ನೀವು ಸುಮ್ನಿರಿ,” ಎಂದರು ಹೆಂಡತಿ. “ಒಂದೇ ಕಡೆ ಅಗಿದೂ ಅಗಿದೂ ನನ್ನ ದವಡೆ ಸವೆದುಹೋಗಿದೆ. ಬಂದ್ರೆ ಹಲ್ಲಿನ ಸೆಟ್ಟು ಕಟ್ಟಿಸ್ಕೋತೀನಿ.”

ಟೈಪಿಸ್ಟ್ ಬರೆದ ಅರ್ಜಿಗೆ ಕಂಪನಿಯವರು ಮೊದಲು ಆಗುವುದಿಲ್ಲ ಎಂದರು. ಅವರ ಲೆಕ್ಕದಲ್ಲಿ ಚಕ್ರ ನೆಲ ಮುಟ್ಟಿದ್ದು ಏಳೂ ಮೂರಕ್ಕೆ. ತಡವಾದದ್ದು ಮೂರು ಗಂಟೆಗೆ ಕಡಿಮೆ. ಟೈಪಿಸ್ಟ್ ಮತ್ತೆ ಬರೆದ: ಎಣಿಸಬೇಕಾದ್ದು ಚಕ್ರವನ್ನಲ್ಲ, ಬಾಗಿಲನ್ನು. ಬಾಗಿಲು ತೆರೆದದ್ದು ಏಳು ಹದಿನೈದಕ್ಕೆ, ಅರ್ಜಿದಾರರು ವೃತ್ತಿಯಿಂದ ಗಡಿಯಾರದವರು, ಡೈರಿಯ ಪ್ರತಿ ಲಗತ್ತಿಸಿದೆ. ಆ ಸಾಲು ಟೈಪು ಮಾಡುವಾಗ ಅವನಿಗೆ ತುಂಬ ಹೆಮ್ಮೆಯಾಗಿತ್ತು. ಎರಡು ತಿಂಗಳಿಗೆ ಉತ್ತರ ಬಂತು. ಒಪ್ಪಿದ್ದಾರೆ, ಹಣ ಕಳಿಸಿದ್ದಾರೆ.

ಅದೇ ವಾರ ಶಾಲೆಯ ಹೆಡ್‌ಮೇಡಮ್ಮು ತಿಂಗಳುಗಟ್ಟಲೆ ರಜೆ ಮುಗಿಸಿ ಬಂದು, ಹೋಗುವ ಮುಂಚೆ ರಿಪೇರಿಗೆ ಕೊಟ್ಟಿದ್ದ ವಾಚು ಕೇಳಿದರು. ಮುಳ್ಳಣ್ಣ ಡ್ರಾಯರ್ ಎಳೆದು ವಾಚು ತೆಗೆದರು. ಆಕೆ ಬರುವ ಹೊತ್ತಿಗೆ ಸರಿಮಾಡಿದರಾಯಿತೆಂದು ಬಿಟ್ಟಿದ್ದರಿಂದ ಪಟ್ಟಿಗೆ ಚೀಟಿ ಇನ್ನೂ ಹಾಗೇ ಇತ್ತು. ತಮ್ಮದೇ ಅಕ್ಷರ: ‘ಎಂಟು ದಿನಕ್ಕೆ ಆರು ನಿಮಿಷ ಮುಂದೆ.’ ಕೆಳಗೆ ತಾರೀಖು, ಊರಿಗೆ ವಾಪಸಾದ ರಾತ್ರಿಯದ್ದು.

ಪ್ರವಾಸದುದ್ದಕ್ಕೂ ಕೈಯಲ್ಲಿದ್ದದ್ದು ಇದೇ ವಾಚು.

“ನಾಳೆ ಬನ್ನಿ ಮೇಡಂ,” ಎಂದಷ್ಟೇ ಅವರ ಬಾಯಿಂದ ಬಂತು. ಆಕೆ ಹೋದ ಮೇಲೆ ಬೆರಳು ಮಡಿಚಿ ಎಣಿಸಿದರು. ಏಳು ಹದಿನೈದರಲ್ಲಿ ಆರು ಕಳೆದರೆ ಏಳು ಒಂಬತ್ತು. ಮೂರು ಗಂಟೆ ತುಂಬುವುದಕ್ಕೆ ಏಳು ಹತ್ತಾಗಬೇಕು. ಒಂದು ನಿಮಿಷ ಕಮ್ಮಿ.

ಅಂಗಡಿಯಲ್ಲಿ ಗೋಡೆ ಗಡಿಯಾರ ನೋಡಿ ನೋಡಿ ಅಭ್ಯಾಸವಾದ ಮನುಷ್ಯ, ಪರೀಕ್ಷೆಗೆ ಕಟ್ಟಿಕೊಂಡ ವಾಚನ್ನು ವಿಮಾನದಲ್ಲಿ ನಂಬಿಬಿಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ತಮ್ಮದೇ ವಾಚು ಕಟ್ಟಿಕೊಂಡಿರುತ್ತಿದ್ದರು.

ಮನೆಗೆ ಹೋಗಿ ಹೇಳಿದರೆ ಹೆಂಡತಿ ನಕ್ಕುಬಿಟ್ಟರು. “ಒಂದು ನಿಮಿಷಕ್ಕೆ ಯಾರೂ ಜೈಲಿಗೆ ಹಾಕಲ್ಲ ರೀ.”

“ನಾನು ಇಷ್ಟು ವರ್ಷ ಆ ಒಂದು ನಿಮಿಷಕ್ಕೇ ಕಣೇ ಜನರ ಹತ್ರ ದುಡ್ಡು ತಗೊಂಡಿದ್ದು.”

ಬ್ಯಾಂಕಿನಿಂದ ಫೋನು ಬಂತು. ವಿದೇಶದಿಂದ ಹಣ ಬಂದಿದೆ, ಯಾವ ಬಾಬ್ತು ಎಂದು ಬರೆದು, ಹೇಳಿದ್ದೆಲ್ಲ ನಿಜವೆಂದು ಸಹಿ ಹಾಕಿದರೆ ಖಾತೆಗೆ ಬರುತ್ತದೆ, ಇಲ್ಲದಿದ್ದರೆ ಇಪ್ಪತ್ತೊಂದು ದಿನಕ್ಕೆ ವಾಪಸು. ಆಮೇಲೆ ಫೋನು ಬಡಿದುಕೊಂಡಾಗಲೆಲ್ಲ ಮುಳ್ಳಣ್ಣ ಅದರ ಮೇಲೆ ಬಟ್ಟೆ ಮುಚ್ಚಿದರು. ಸುಳ್ಳು ಲೆಕ್ಕ ಕೊಟ್ಟು ಪರದೇಶದ ಹಣ ತರಿಸಿಕೊಂಡವನು ಎಂದರೆ ಯಾವ ಸೆಕ್ಷನ್ನು ಬೀಳುತ್ತದೆಂದು ಟೈಪಿಸ್ಟನನ್ನು ಕೇಳಿದರು. ತಮಾಷೆಗೆ ಅವನು, “ಎರಡು ದೇಶದ ಜೈಲು, ಆರಾರು ತಿಂಗಳು,” ಎಂದ. ಆ ದಿನ ಅವರು ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ. ಅಂಥ ಮಾತು ಆಡಬಾರದಿತ್ತು.

ಹನ್ನೆರಡನೆಯ ದಿನ ಅಂಗಡಿಯ ಮುಂದೆ ಪೊಲೀಸ್ ಬೈಕು ನಿಂತಿತು. ಕಾನ್‌ಸ್ಟೇಬಲ್ ಹೆಲ್ಮೆಟ್ ತೆಗೆದು ಒಳಗೆ ಬಗ್ಗಿದ.

“ನೀವೇನಾ ಮುಳ್ಳಣ್ಣ ಅಂದ್ರೆ?”

ಅವರು ಎದ್ದು ನಿಂತರು, ತಲೆ ಮೆಟ್ಟಿಲಿಗೆ ಬಡಿಯಿತು. “ಬರ್ತೀನಿ ಸರ್. ಮನೇಲಿ ಒಂದು ಮಾತು ಹೇಳಿ ಬರ್ತೀನಿ.”

“ಎಲ್ಲಿಗೆ ಬರ್ತೀರಿ? ಬೆಲ್ಟ್ ಕಿತ್ತೋಗಿದೆ, ಹಾಕ್ಕೊಡಿ,” ಎಂದು ಅವನು ವಾಚು ಮೇಜಿನ ಮೇಲಿಟ್ಟ.

ಪಟ್ಟಿಯ ಪಿನ್ನು ಮೂರು ಸಲ ಕೈಜಾರಿ ಬಿತ್ತು. ಕಾನ್‌ಸ್ಟೇಬಲ್ಲೇ ಬಗ್ಗಿ ಹುಡುಕಿಕೊಟ್ಟು, “ಹುಷಾರಿಲ್ವಾ ಯಜಮಾನ್ರೇ? ಮನೆಗೆ ಹೋಗಿ ಮಲಗಿ,” ಎಂದು ಹೋದ.

ಹದಿನೆಂಟನೆಯ ದಿನ ಟೈಪಿಸ್ಟನ ತೋಳು ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ ಫಾರಂ ತಳ್ಳಿ ಗೀಟು ಹಾಕಿ ತೋರಿಸಿದಳು.

“ಇಲ್ಲಿ ಸೈನ್ ಮಾಡಿ ಅಂಕಲ್.”

“ಮೇಲಿನದೆಲ್ಲ ನಿಜ ಅಂತ ಬರೆದಿದೆಯಲ್ಲಮ್ಮ.”

“ಎಲ್ಲರದ್ದರಲ್ಲೂ ಹಾಗೇ ಬರೆದಿರುತ್ತೆ.”

“ನನ್ನ ವಾಚು ಆರು ನಿಮಿಷ ಮುಂದಿತ್ತು.”

ಹುಡುಗಿ ಟೈಪಿಸ್ಟನ ಮುಖ ನೋಡಿದಳು. ಹಿಂದೆ ಸಾಲಿನಲ್ಲಿದ್ದ ಒಬ್ಬ, “ಬೇಗ ಆಗ್ಲಿ ಸ್ವಾಮಿ, ನಮಗೂ ಕೆಲಸ ಇದೆ,” ಎಂದ. ಟೈಪಿಸ್ಟ್ ಕಿವಿಯ ಹತ್ತಿರ ಬಗ್ಗಿ, “ಹಾಕಿಬಿಡು ಮುಳ್ಳಣ್ಣ. ಯಾರಿಗೂ ಗೊತ್ತಾಗಲ್ಲ,” ಎಂದು ಪಿಸುಗುಟ್ಟಿದ.

ಮುಳ್ಳಣ್ಣ ಫಾರಂ ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದರು. ಸಹಿ ಹಾಕಿದರೆ ಸುಳ್ಳು. ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂದು ಕೇಳುತ್ತಾರೆ. ನಿಜ ಹೇಳಿದರೆ, ತಪ್ಪು ಮಾಡಿದೆ ಎಂದು ತಾನೇ ಬರೆದುಕೊಟ್ಟ ಹಾಗೆ. ಈ ಮೂರು ಬಾಗಿಲ ಹಿಂದೆಯೂ ಅವರಿಗೆ ಪೊಲೀಸ್ ಬೂಟಿನ ಸದ್ದೇ ಕೇಳುತ್ತಿತ್ತು.

“ವಾಪಸು ಕಳಿಸಿಬಿಡಮ್ಮ,” ಎಂದರು.

“ಕಾರಣ ಬರೀಬೇಕು ಅಂಕಲ್. ಏನಂತ ಬರೀಲಿ?”

“ಒಂದು ನಿಮಿಷ ಕಮ್ಮಿ ಬಿತ್ತು ಅಂತ ಬರಿ.”

ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಅವರು ಎರಡೆರಡು ಸಲ ಕೇಳಿದರು, ಮುಳ್ಳಣ್ಣ ಎರಡು ಸಲವೂ ಅದನ್ನೇ ಹೇಳಿದರು. ಕೊನೆಗೆ ಮ್ಯಾನೇಜರು ಬಿಳಿ ಹಾಳೆ ಕೊಟ್ಟರು. ಬಾಗಿಲು, ವಾಚು, ಚೀಟಿ ಎಲ್ಲವನ್ನೂ ಬರೆದು ಮುಳ್ಳಣ್ಣ ಸಹಿ ಹಾಕಿದರು. ಕೆಳಗೆ ಯಾರೂ ಕೇಳದಿದ್ದರೂ ಮನೆಯ ವಿಳಾಸ ಸೇರಿಸಿದರು, ಹುಡುಕಿಕೊಂಡು ಬರುವವರಿಗೆ ತೊಂದರೆಯಾಗದಿರಲಿ ಎಂಬಂತೆ.

ಮನೆಯಲ್ಲಿ ಹೆಂಡತಿ, “ಹಲ್ಲಿಲ್ಲದಿದ್ರೂ ಬೈಯೋಕೆ ಬರುತ್ತೆ ನಂಗೆ,” ಎಂದು ಎರಡು ದಿನ ಬೈದು, ಮೂರನೆಯ ದಿನ ಬಿಟ್ಟರು.

ಹಣದ ಜೊತೆ ಆ ಹಾಳೆಯೂ ಹೋಯಿತು, ಕಂಪನಿಯಿಂದ ಉತ್ತರ ಬರಲಿಲ್ಲ. ಒಂದು ಸಾಲು ಬಂದಿದ್ದರೂ ಸಾಕಿತ್ತು, ಬೈಗುಳವಾದರೂ ಸರಿ. ಬಾರದ ಉತ್ತರವನ್ನು ಮುಳ್ಳಣ್ಣ ಎರಡು ವರ್ಷಕ್ಕೂ ಮೇಲೆ ಕಾದರು. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಕೆಲಸ ನಿಲ್ಲಿಸಿ, ಅವನು ಅಂಗಡಿ ದಾಟಿ ಹೋಗುವವರೆಗೆ ಉಸಿರು ಹಿಡಿದಿರುತ್ತಿದ್ದರು. ಹೋದ ತಿಂಗಳು ಆಸ್ಪತ್ರೆಯಲ್ಲಿ, ಮಾತು ಕಷ್ಟವಾಗಿದ್ದಾಗ, ಟೈಪಿಸ್ಟನನ್ನು ಹತ್ತಿರ ಕರೆದು ಕೇಳಿದ್ದೂ ಅದನ್ನೇ.

“ಆ ಹಣದ ವಿಚಾರಕ್ಕೆ ಅವರು ಬಂದ್ರೆ ಇವಳನ್ನ ಏನೂ ಕೇಳಲ್ಲ ತಾನೆ?”

“ಕೇಳಲ್ಲ. ಅರ್ಜಿ ಬರೆದವನು ನಾನು. ನನ್ನ ಹತ್ರಾನೇ ಬರ್ತಾರೆ,” ಎಂದ ಅವನು.

ಮುಳ್ಳಣ್ಣ ಅವನ ತೋಳು ಹಿಡಿದುಕೊಂಡರು. ಆಮೇಲೆ, “ನೀನೂ ಹುಷಾರಾಗಿರು,” ಎಂದರು.